ದಿನ ಹಾಕುವ ಜಾಗ

ನನ್ನ ಗಂಡ ಕದಿರೇಶ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಹೋದ ನಕ್ಷತ್ರ ಒಳ್ಳೆಯದಲ್ಲ, ಮನೆಗೆ ಬೀಗ ಹಾಕಬೇಕು ಎಂದರು ಹಿರಿಯರು. ಹಾಕಿದೆ. ಅವರು ಇದ್ದಿದ್ದರೆ ನಗುತ್ತಿದ್ದರು. ಶ್ರೀನಿವಾಸಪುರದ ಮನೆ ಮುಚ್ಚಿಕೊಂಡು ಈಗ ಮಾಲೂರಿನಲ್ಲಿ ನನ್ನ ಅಣ್ಣ ಮುನಿಕೃಷ್ಣಪ್ಪನ ಮನೆಯಲ್ಲಿದ್ದೇನೆ. ಮಾತಾಡಿಸಲು ಬಂದವರು ಕೇಳುತ್ತಾರೆ, ‘ಯಜಮಾನ್ರು ಏನ್ ಕೆಲ್ಸ ಮಾಡ್ತಿದ್ರು?’ ಅಣ್ಣ ‘ಕಂಪ್ಯೂಟರ್ ರಿಪೇರಿ’ ಎಂದುಬಿಡುತ್ತಾನೆ. ಹಾಗಲ್ಲ. ಏನು ಮಾಡುತ್ತಿದ್ದರು ಎಂದು ನಾನೇ ಹೇಳುತ್ತೇನೆ.

ಅವರದು ಕೋಲಾರದ ಹತ್ತಿರ ಹೋಳೂರು. ಒಕ್ಕಲು ಮನೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಕೋಲಾರದಲ್ಲಿ ಟೈಪಿಂಗ್ ಕಲಿತರು. ಕನ್ನಡ ಸೀನಿಯರ್ ಪಾಸು ಮಾಡಿದರು. ಆಮೇಲೆ ಮುಳಬಾಗಿಲಿಗೆ ಹೋಗಿ ಸುಬ್ರಹ್ಮಣ್ಯ ಸ್ವಾಮಿಗಳ ಹತ್ತಿರ ಸೇರಿಕೊಂಡರು. ಅವರು ಅಲ್ಲಿನ ಹಳೆಯ ಪತ್ರ ಬರಹಗಾರರು. ಜಮೀನು ಕೊಡುವವರು, ಕೊಳ್ಳುವವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮೊದಲು ಅವರ ಮನೆಯ ಹಜಾರಕ್ಕೆ ಬರುತ್ತಿದ್ದರು. ಕ್ರಯಪತ್ರ, ದಾನಪತ್ರ, ಭಾಗಪತ್ರ ಎಲ್ಲ ಅವರ ಕೈಯಲ್ಲೇ. ಬ್ರಾಹ್ಮಣರ ಮನೆ. ಆದರೂ ಹೋಳೂರಿನಿಂದ ಬಂದ ಇವರನ್ನು ತಮ್ಮ ಪಕ್ಕದಲ್ಲಿ ಚಾಪೆ ಹಾಕಿ ಕೂರಿಸಿಕೊಂಡರು. ಪತ್ರ ಬರೆಯುವುದನ್ನು ಮೊದಲ ಸಾಲಿನಿಂದ ಕಲಿಸಿದರು. ಇವರು ಬದುಕಿರುವವರೆಗೂ ಆ ಚಾಪೆಯನ್ನು ಮರೆಯಲಿಲ್ಲ.

ಸುಬ್ರಹ್ಮಣ್ಯ ಸ್ವಾಮಿಗಳ ಹತ್ತಿರ ಒಂದು ಪದ್ಧತಿ ಇತ್ತು. ದಿನ ಹಾಕಿಡುವುದು ಎನ್ನುತ್ತಿದ್ದರು. ಜನ ಒಳ್ಳೆಯ ದಿನ ನೋಡಿ ಛಾಪಾ ಕಾಗದ ಕೊಂಡು ತಂದುಕೊಡುತ್ತಿದ್ದರು. ಸ್ವಾಮಿಗಳು ಅದರ ಮೇಲೆ ಆ ದಿನದ ತಾರೀಖು ಮತ್ತು ಮೊದಲ ಸಾಲು ಬರೆದಿಡುತ್ತಿದ್ದರು. ಉಳಿದದ್ದನ್ನು ಮಂಗಳವಾರ ಬರೆದರೂ ಆಯಿತು, ಅಮಾವಾಸ್ಯೆಯಲ್ಲಿ ಬರೆದರೂ ಆಯಿತು. ಪತ್ರ ಹುಟ್ಟಿದ್ದು ಒಳ್ಳೆಯ ದಿನ, ಅಷ್ಟು ಸಾಕು. ಬರುವವರೆಲ್ಲ ಆಂಧ್ರದ ಗಡಿಯ ಹಳ್ಳಿಗಳವರು. ಬಸ್ಸು ಬದಲಾಯಿಸಿಕೊಂಡು, ಕೊಡುವವನನ್ನೂ ಸಾಕ್ಷಿಗಳನ್ನೂ ಕಟ್ಟಿಕೊಂಡು ಬರಬೇಕು. ಇವತ್ತು ದಿನ ಸರಿಯಿಲ್ಲ, ನಾಳೆ ಬಾ ಎನ್ನಲು ಆಗುವುದಿಲ್ಲ.

ನನ್ನ ಗಂಡನಿಗೆ ದಿನ ಗಳಿಗೆಯ ಮೇಲೆ ನಂಬಿಕೆ ಇರಲಿಲ್ಲ. ಗುರುಗಳ ಎದುರಿಗೆ ಬಾಯಿ ಬಿಡುತ್ತಿರಲಿಲ್ಲ. ನನ್ನ ಎದುರಿಗೆ ಬಿಡುತ್ತಿದ್ದರು. ಮಂಗಳವಾರ ನಾನು ಊರಿಗೆ ಹೊರಡುವುದಿಲ್ಲ ಎಂದರೆ, ‘ಇವತ್ತು ಮಂಗಳವಾರ ಅಂತ ಬಸ್ಸಿಗೆ ಗೊತ್ತೇನೇ?’ ಎಂದು ನಗುತ್ತಿದ್ದರು. ಜೋರು ನಗು. ಪಕ್ಕದ ಮನೆಗೆ ಕೇಳಿಸುವ ಹಾಗೆ.

ಮದುವೆಯಾದ ಮೇಲೆ ಶ್ರೀನಿವಾಸಪುರಕ್ಕೆ ಬಂದೆವು. ತಾಲ್ಲೂಕು ಕಚೇರಿಯ ಹತ್ತಿರ ಒಂದು ಮಳಿಗೆ ಹಿಡಿದು ಟೈಪಿಂಗ್ ಅಂಗಡಿ ಇಟ್ಟರು. ಮಾವಿನ ತೋಪು ಗುತ್ತಿಗೆ ಹಿಡಿಯುವವರ ಕರಾರು, ಅರ್ಜಿ, ಅಫಿಡವಿಟ್ಟು. ತೊಂಬತ್ತೆಂಟರ ಸುಮಾರಿಗೆ ಟೈಪ್‌ರೈಟರ್ ಮಾರಿ ಹಳೆಯ ಕಂಪ್ಯೂಟರ್ ಒಂದನ್ನು ತಂದರು. ಕೋಲಾರದಲ್ಲಿ ಕ್ಲಾಸಿಗೆ ಸೇರಿದರು. ಮಾವಿನ ಕಾಲದಲ್ಲಿ ಊರೆಲ್ಲ ಮಂಡಿಯ ಕಡೆ ಓಡಿದರೆ ಇವರು ಬಸ್ ಸ್ಟ್ಯಾಂಡಿನ ಕಡೆ ಓಡುತ್ತಿದ್ದರು. ಕ್ಲಾಸಿನಲ್ಲಿ ಇವರಷ್ಟು ವಯಸ್ಸಿನವರು ಯಾರೂ ಇರಲಿಲ್ಲ. ‘ಅಂಕಲ್ ಅಂತಾರೆ ಕಣೇ’ ಎಂದು ಮುಖ ಸಣ್ಣ ಮಾಡಿಕೊಂಡರು. ಆದರೂ ಬಿಡಲಿಲ್ಲ.

ಕೊನೆಗೆ ಪತ್ರ ಬರೆಯುವ ಪ್ರೋಗ್ರಾಂ ಒಂದನ್ನು ತಾವೇ ಮಾಡಿದರು. ಪರದೆಯ ಮೇಲೆ ಖಾಲಿ ಜಾಗಗಳು ಬರುತ್ತವೆ. ಕೊಡುವವರ ಹೆಸರು, ಕೊಳ್ಳುವವರ ಹೆಸರು, ಸರ್ವೆ ನಂಬರು, ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ಚೆಕ್ಕುಬಂದಿ. ತುಂಬಿಸಿ ಒಂದು ಗುಂಡಿ ಒತ್ತಿದರೆ ಇಡೀ ಪತ್ರ ಪ್ರಿಂಟಾಗಿ ಬರುತ್ತದೆ.

‘ಅದು ಹೆಂಗೆ ಬರೀತೈತೆ?’ ಎಂದು ಕೇಳಿದೆ.

‘ಅದು ಬರಿಯಲ್ಲ. ವರ್ಡ್ ಅಂತ ಇನ್ನೊಂದೈತೆ, ಬರಿಯೋದು ಅದು. ಹೋಟ್ಲಲ್ಲಿ ಸಪ್ಲೈಯರ್ ಬಂದು ಏನ್ ಬೇಕು ಅಂತಾನಲ್ಲ, ಅವನು ನನ್ನ ಪ್ರೋಗ್ರಾಂ. ಒಳಗೆ ದೋಸೆ ಹುಯ್ಯೋನು ವರ್ಡ್.’

‘ಒಳಗಿರೋನು ಕಾಣಿಸ್ತಾನಾ?’

‘ಇಲ್ಲ. ನಾನೇ ಕಾಣ್ದಂಗೆ ಮಾಡಿದೀನಿ. ಕಂಡ್ರೆ ಬಂದೋರೆಲ್ಲ ಅಡುಗೆಮನೆಗೆ ನುಗ್ಗಿ ಉಪ್ಪು ಹಾಕ್ತಾರೆ.’

ಹಾಗೆ ಇನ್ನೂ ಕೆಲವು ಕಟ್ಟು ಮಾಡಿದ್ದರು. ಮುಗಿದ ಪತ್ರವನ್ನು ಯಾರೂ ತಿದ್ದದ ಹಾಗೆ ಕಂಪ್ಯೂಟರಿನೊಳಗೇ ಬೀಗ. ಪ್ರತಿ ಪತ್ರಕ್ಕೂ ಆ ದಿನದ ತಾರೀಖು ಮತ್ತು ಒಂದು, ಎರಡು ಎಂದು ನಂಬರು ಸೇರಿಸಿ ಹೆಸರು. ದಿನ ಬದಲಾದರೆ ನಂಬರು ಮತ್ತೆ ಒಂದರಿಂದ. ತಾರೀಖನ್ನು ಮಾತ್ರ ಯಾರೂ ತುಂಬಿಸುವ ಹಾಗಿಲ್ಲ. ಅದಕ್ಕೆ ಜಾಗವನ್ನೇ ಇಟ್ಟಿರಲಿಲ್ಲ. ಕಂಪ್ಯೂಟರಿನ ಗಡಿಯಾರ ಯಾವ ದಿನ ಹೇಳುತ್ತದೋ ಆ ದಿನ ಪತ್ರದಲ್ಲಿ ಬೀಳುತ್ತದೆ.

ಮೊದಲು ಕೊಟ್ಟದ್ದು ಗುರುಗಳಿಗೇ. ಅಷ್ಟು ಹೊತ್ತಿಗೆ ಸ್ವಾಮಿಗಳ ಕೈ ನಡುಗುತ್ತಿತ್ತು. ಸೊಸೆ ಮೃದುಲಾ ಟೈಪ್ ಮಾಡಬಲ್ಲವಳು. ಅವಳಿಗೆ ಹೇಳಿಕೊಟ್ಟರು. ಬರುವಾಗ ಸ್ವಾಮಿಗಳಿಗೆ ಹೇಳಿದರಂತೆ, ‘ಇನ್ಮೇಲೆ ದಿನ ಹಾಕಿಡೋದೆಲ್ಲ ಬೇಡ ಸ್ವಾಮಿ. ಬರ್ದ ದಿನಾನೇ ದಿನ.’ ಸ್ವಾಮಿಗಳು ‘ಆಗಲಿ’ ಅಂದರಂತೆ. ಮನೆಗೆ ಬಂದು ನನ್ನ ಹತ್ತಿರ ಇದನ್ನು ಹೇಳುವಾಗ ಹಬ್ಬದ ಮುಖ.

ಮುಳಬಾಗಿಲಿನ ಸುಬ್ರಹ್ಮಣ್ಯರೇ ಇಟ್ಟುಕೊಂಡಿದ್ದಾರೆ ಎಂದ ಮೇಲೆ ಕೋಲಾರದ ಬರಹಗಾರರು ಕೇಳಿದರು. ಮಾಲೂರಿನವರು ಕೇಳಿದರು. ಶ್ರೀನಿವಾಸಪುರದವರೂ ಕೇಳಿದರು. ಇವರು ಟೈಪಿಂಗ್ ಅಂಗಡಿ ಬಿಟ್ಟು ಇದನ್ನೇ ಹಿಡಿದರು. ಕೈಚೀಲದಲ್ಲಿ ಫ್ಲಾಪಿಗಳ ಡಬ್ಬಿ, ಒಂದು ಸ್ಕ್ರೂ ಡ್ರೈವರು, ಊಟದ ಡಬ್ಬಿ. ದಿನ ಬೆಳಗಾದರೆ ಒಂದೊಂದು ಊರಿನ ಬಸ್ಸು.

ಪ್ರೋಗ್ರಾಂ ನಿಲ್ಲುತ್ತಿತ್ತು. ಎಲ್ಲಾದರೂ ನಿಲ್ಲುತ್ತಲೇ ಇತ್ತು. ಎದುರುಗಡೆ ಎಸ್‌ಟಿಡಿ ಬೂತಿಗೆ ಫೋನು ಬರುತ್ತಿತ್ತು. ಎಲ್ಲರೂ ಹೇಳುವುದು ಒಂದೇ ಮಾತು, ‘ಏನೂ ಮಾಡ್ಲಿಲ್ಲಣ್ಣ, ಸುಮ್ನೆ ನಿಂತೋಯ್ತು.’ ಇವರು ಫೋನು ಇಟ್ಟು ಬಂದು ಗೊಣಗುವರು, ‘ಸುಮ್ಸುಮ್ನೆ ಎತ್ತೂ ನಿಲ್ಲಲ್ಲ ಕಣೇ. ಇವರು ಏನೋ ಮಾಡವ್ರೆ.’

ಮಾಡಿರುತ್ತಿದ್ದರು. ಮಾಲೂರಿನಲ್ಲಿ ಹಳೆಯ ಪ್ರಿಂಟರ್ ತೆಗೆದು ಹೊಸದನ್ನು ಇಟ್ಟಿದ್ದರು. ವರ್ಡ್ ಹಳೆಯದಕ್ಕೇ ಕಾಯುತ್ತ ಕೂತಿತ್ತು. ಕೋಲಾರದಲ್ಲಿ ಆದದ್ದು ಬೇರೆ. ಒಳಗೆ ಮಾದರಿ ಪತ್ರ ಒಂದಿರುತ್ತದೆ. ಎಲ್ಲಿ ಯಾರ ಹೆಸರು ಕೂರಬೇಕು ಎಂದು ಅದರಲ್ಲಿ ಗುರುತು ಮಾಡಿರುತ್ತಾರೆ. ಆಯುಧಪೂಜೆಯ ದಿನ ಅಲ್ಲಿನವರು ಕಂಪ್ಯೂಟರಿಗೆ ಕುಂಕುಮ ಇಟ್ಟು, ಮಾದರಿ ಪತ್ರವನ್ನು ತೆರೆದು ಅದರ ನೆತ್ತಿಯ ಮೇಲೆ ‘ಶ್ರೀ’ ಎಂದು ಹಾಕಿದ್ದರು. ಹಾಕುವಾಗ ಮೊದಲ ಗುರುತು ಅಳಿಸಿಹೋಗಿತ್ತು. ಕೊಡುವವನ ಹೆಸರನ್ನು ಎಲ್ಲಿಡಬೇಕು ಎಂದು ತಿಳಿಯದೆ ವರ್ಡ್ ನಿಂತುಬಿಟ್ಟಿತು.

ಅದನ್ನು ಕಂಡುಹಿಡಿದ ದಿನ ಇವರು ನಕ್ಕ ನಗು ನನಗೆ ನೆನಪಿದೆ. ಹೋದ ಊರಲ್ಲೆಲ್ಲ ಆ ಕತೆ ಹೇಳಿದರು. ‘ಕೋಲಾರದಲ್ಲಿ ಶ್ರೀಕಾರ ಹಾಕಿ ಕಂಪ್ಯೂಟರ್ ಬಾಯಿ ಮುಚ್ಚಿಸವ್ರೆ.’ ಮಾಲೂರಿನವರು ನಕ್ಕರು. ಶ್ರೀನಿವಾಸಪುರದವರು ನಕ್ಕರು. ಮುಳಬಾಗಿಲಿನಲ್ಲೂ ಹೇಳಿದರು. ಅಲ್ಲಿ ನಕ್ಕರೋ ಇಲ್ಲವೋ, ಇವರು ನೋಡಲಿಲ್ಲ.

ಆಮೇಲೆ ಮುಳಬಾಗಿಲಿನಲ್ಲಿ ನಿಲ್ಲುವುದು ಶುರುವಾಯಿತು.

ಅಲ್ಲಿ ನಿಲ್ಲುವ ರೀತಿ ಬೇರೆ. ಗುಂಡಿ ಒತ್ತಿದ ಮೇಲೆ ಪರದೆಯ ಮೇಲೆ ಮರಳು ಗಡಿಯಾರ ಬಂದು ನಿಲ್ಲುತ್ತದೆ. ತಪ್ಪು ಎಂದು ಹೇಳುವುದಿಲ್ಲ, ಪತ್ರವೂ ಬರುವುದಿಲ್ಲ. ಕಂಪ್ಯೂಟರ್ ಆರಿಸಿ ಹೊತ್ತಿಸಿ ಬೇರೆಯವರ ಪತ್ರ ಹಾಕಿದರೆ ಬರುತ್ತದೆ. ಒಂದು ವಾರ ನೆಟ್ಟಗಿರುತ್ತದೆ, ಮತ್ತೆ ನಿಲ್ಲುತ್ತದೆ. ಇವರು ಹೋಗಿ ಬೆಳಗಿನಿಂದ ಸಂಜೆಯವರೆಗೆ ಎದುರಿಗೆ ಕೂತರೆ ಒಂದು ಸಲವೂ ನಿಲ್ಲುವುದಿಲ್ಲ. ಇವರು ಬಸ್ಸು ಹತ್ತಿ ಬಂದ ಮೇಲೆ ಫೋನು. ವರ್ಡ್ ತೆಗೆದು ಮತ್ತೆ ಹಾಕಿದರು. ತಂತಿ ಬದಲಾಯಿಸಿದರು. ಒಂದು ಸಲ ಪೆಟ್ಟಿಗೆಯನ್ನೇ ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದರು. ನಮ್ಮ ಮನೆಯಲ್ಲಿ ಅದು ನೆಟ್ಟಗೆ ಓಡಿತು. ‘ಈ ಮಗಂದು ನನ್ನ ಕಂಡ್ರೆ ಮಾತ್ರ ಒಳ್ಳೇದಾಗ್ತೈತೆ’ ಎಂದು ಅದರ ನೆತ್ತಿಯ ಮೇಲೆ ಹೊಡೆದರು.

ಆಷಾಢ ಬಂತು. ಮುಳಬಾಗಿಲಿನ ಫೋನುಗಳು ಹೆಚ್ಚಾದವು. ಒಂದು ದಿನ ಬೂತಿನಿಂದ ಬಂದವರು ಗೋಡೆಗೆ ಒರಗಿ ಕೂತರು.

‘ಏನಂತೆ?’ ಎಂದೆ.

‘ಸ್ವಾಮಿಗಳು ಮತ್ತೆ ಕೈಯಲ್ಲೇ ಬರಿಯೋಕೆ ಪೆನ್ನು ತೊಳ್ದು ಇಟ್ಟವ್ರಂತೆ. ಬಂದು ಸರಿ ಮಾಡ್ಲಿ, ಇಲ್ಲ ಡಬ್ಬ ಎತ್ಕೊಂಡ್ ಹೋಗ್ಲಿ ಅಂದ್ರಂತೆ. ಮೃದುಲಾ ಹೇಳ್ತಾ ಅಳ್ತಿದ್ಲು.’

ಸ್ವಾಮಿಗಳು ಬಿಟ್ಟರೆ ಉಳಿದ ಮೂರು ಊರಿನವರೂ ಬಿಡುತ್ತಾರೆ. ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಇವರು ನೆನೆದು ಕೊರಗಿದ್ದು ಅದಕ್ಕಲ್ಲ. ‘ಕಲಿಸಿದೋರೇ ಬೇಡ ಅಂದ ಮೇಲೆ ನಾನು ಕಲ್ತಿದ್ದೇನು?’ ಎಂದರು. ಅನ್ನ ಕಲಸಿ ಹಾಗೇ ಬಿಟ್ಟು ಎದ್ದರು.

‘ನಾನೂ ಬರ್ತೀನಿ’ ಎಂದೆ.

‘ನೀನು ಬಂದು ಏನ್ ಮಾಡ್ತೀಯ?’

‘ಕೂತ್ಕೋತೀನಿ.’

‘ನಾಳೆ ಮಂಗಳವಾರ.’

‘ಗೊತ್ತು.’

ಮುಳಬಾಗಿಲಿನಲ್ಲಿ ಸ್ವಾಮಿಗಳು ಬಾಗಿಲಲ್ಲೇ ಇದ್ದರು. ‘ಬಾರಯ್ಯ’ ಎಂದರು. ಎಂದಿನಂತೆ ಹೆಸರು ಹಿಡಿದು ಕರೆಯಲಿಲ್ಲ. ಹಜಾರದಲ್ಲಿ ಕಂಪ್ಯೂಟರಿನ ಪಕ್ಕದಲ್ಲಿ ಹಳೆಯ ಬರೆಯುವ ಮಣೆ ಬಂದು ಕೂತಿತ್ತು. ಮಸಿ ಕುಡಿಕೆ, ಪೆನ್ನು, ಒತ್ತು ಕಾಗದ. ಇವರು ಅದನ್ನು ನೋಡಿ ನೋಡದವರಂತೆ ಕುರ್ಚಿ ಎಳೆದುಕೊಂಡು ಕಂಪ್ಯೂಟರ್ ಎದುರಿಗೆ ಕೂತರು. ನಾನು ಒಳಗೆ ಹೋದೆ.

ಸ್ವಾಮಿಗಳ ಹೆಂಡತಿ ತುಳಸಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದರು. ನಾನೂ ಒಂದು ಮೊರ ತೆಗೆದುಕೊಂಡೆ. ಹಜಾರದಿಂದ ಮಾತಿಲ್ಲ. ಪ್ರಿಂಟರಿನ ಸದ್ದು ಮಾತ್ರ. ಓಡುತ್ತಿದೆ. ಇವರಿದ್ದಾರಲ್ಲ, ಓಡದೆ ಏನು.

ಸ್ವಲ್ಪ ಹೊತ್ತಿನ ಮೇಲೆ ಹಿತ್ತಿಲ ಕಡೆಯಿಂದ ಒಬ್ಬ ಮುದುಕ ಬಂದ. ತಲೆಗೆ ಟವೆಲು ಸುತ್ತಿದ್ದ. ಹಜಾರದ ಕಡೆ ಕಣ್ಣು ಹಾಯಿಸಿ ಪಿಸುದನಿಯಲ್ಲಿ ಕೇಳಿದ, ‘ಅಮ್ಮಾ, ಆಯಪ್ಪ ಪೋಯಿನಾಡಾ?’ ಆಯಪ್ಪ ಹೋದನಾ ಎಂದು.

‘ಲೇದಪ್ಪಾ. ಕೂಚ್ಚೋ ಪೋ’ ಎಂದರು ತುಳಸಮ್ಮ, ಇನ್ನೂ ಇಲ್ಲ, ಹೋಗಿ ಕೂತಿರು ಎಂದು. ಅವನು ಗೊಣಗಿ ಹೊರಟುಹೋದ.

ನಮ್ಮ ಕಡೆ ತೆಲುಗು ಯಾರಿಗೆ ತಿಳಿಯುವುದಿಲ್ಲ. ‘ಯಾರು ಹೋಗ್ಬೇಕಂತೆ ಅಮ್ಮ?’ ಎಂದೆ.

ತುಳಸಮ್ಮ ಬೇಳೆಯಲ್ಲಿ ಕೈಯಾಡಿಸಿದರು. ‘ಕೇಳಿಬಿಟ್ಟೆ, ಇನ್ನೇನ್ ಹೇಳ್ಲಿ. ನಿಮ್ಮೆಜಮಾನ್ರೇ ಕಣಮ್ಮ. ಅವನು ದೊಡ್ಡವೆಂಕಟಪ್ಪ ಅಂತ, ಗಡಿ ಹಳ್ಳಿಯೋನು. ಬೆಳಿಗ್ಗೆಯಿಂದ ಜಗುಲಿ ಮೇಲೆ ಕೂತಿದಾನೆ. ಅವನ ಪತ್ರಕ್ಕೆ ಕಾಗದ ಕೊಂಡ ಶುಕ್ರವಾರದ ದಿನ ಹಾಕ್ಬೇಕು. ಆಷಾಢದ ಮಂಗಳವಾರ ಅಂತ ಪತ್ರದಲ್ಲಿ ಬಂದ್ರೆ ಮುಟ್ಟಲ್ಲ ಅಂತಾನೆ. ಆ ಶುಕ್ರವಾರ ಇನ್ನೂ ಜ್ಯೇಷ್ಠ. ಮೃದುಲಾ ಕಂಪ್ಯೂಟರಲ್ಲಿ ಅದೇನೋ ಗಡಿಯಾರ ಹಿಂದಕ್ಕೆ ತಿರುಗಿಸ್ತಾಳೆ. ನಿಮ್ಮೋರು ಇದ್ದಾಗ ಬೇಡ ಅಂತ ನಮ್ಮನೆಯೋರ ಅಪ್ಪಣೆ.’

‘ಯಾಕೆ?’

‘ಕೋಲಾರದೋರ ಕತೆ ಹೇಳಿ ಅಷ್ಟು ನಕ್ಕರಲ್ಲ. ನಮ್ಮ ಮನೆ ಕತೆ ಮಾಲೂರಲ್ಲಿ ಹೇಳೋದು ಬೇಡ ಅಂತ.’

ನನಗೆ ಗಡಿಯಾರದ ವಿಚಾರ ಏನೂ ತಿಳಿಯಲಿಲ್ಲ. ಬೆಳಿಗ್ಗೆಯಿಂದ ಒಬ್ಬ ಮುದುಕ ನನ್ನ ಗಂಡ ಯಾವಾಗ ಎದ್ದು ಹೋಗುತ್ತಾರೆ ಎಂದು ಕಾಯುತ್ತಿದ್ದಾನೆ ಎನ್ನುವುದು ತಿಳಿಯಿತು. ಅವಮಾನವಾಯಿತು. ಮೊರ ಇಟ್ಟು ಎದ್ದು ಹಜಾರಕ್ಕೆ ಹೋದೆ.

‘ನೀವು ಸ್ವಲ್ಪ ಎದ್ದು ಹೊರಗೆ ಬನ್ನಿ’ ಎಂದೆ. ‘ಜಗುಲಿ ಮೇಲಿರೋರ ಕೆಲ್ಸ ನೀವಿದ್ರೆ ಆಗಲ್ವಂತೆ.’

‘ಯಾಕಾಗಲ್ಲ?’

‘ನೀವು ನಗ್ತೀರಂತೆ.’

ಮೃದುಲಾ ತಲೆ ತಗ್ಗಿಸಿದಳು. ಸ್ವಾಮಿಗಳು ಗೋಡೆಯ ಕ್ಯಾಲೆಂಡರ್ ನೋಡಿದರು. ಇವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ನಾನು ಜಗಳಕ್ಕೆ ಕಾದೆ. ಜಗಳವಾಗಲಿಲ್ಲ.

‘ಮೃದುಲಮ್ಮ, ನಾನಿಲ್ದಾಗ ಹೆಂಗೆ ಮಾಡ್ತೀರೋ ಹಂಗೇ ಮಾಡಿ. ನಾನು ಹೊರಗಿರ್ತೀನಿ’ ಎಂದರು.

ಎದ್ದು ಹೋಗಿ ಜಗುಲಿಯ ಮೇಲೆ ಕೂತರು. ಅಲ್ಲಿದ್ದ ದೊಡ್ಡವೆಂಕಟಪ್ಪ, ಅವನಿಗೆ ಜಮೀನು ಕೊಡುವವನು, ಸಾಕ್ಷಿಗಳು ಇವರನ್ನು ಬಳಸಿಕೊಂಡು ಒಳಗೆ ಬಂದರು. ಮುದುಕ ಇವರ ಮುಖ ನೋಡಲಿಲ್ಲ. ಮೃದುಲಾ ಗಡಿಯಾರವನ್ನು ಆ ಶುಕ್ರವಾರಕ್ಕೆ ತಿರುಗಿಸಿದಳು. ಹೆಸರು ತುಂಬಿಸಿದಳು. ಚೆಕ್ಕುಬಂದಿ ತುಂಬಿಸಿದಳು. ಗುಂಡಿ ಒತ್ತಿದಳು.

ಮರಳು ಗಡಿಯಾರ ಬಂದು ನಿಂತಿತು.

‘ನಿಂತೋಯ್ತಣ್ಣ’ ಎಂದಳು, ಕೂಗಲೋ ಬೇಡವೋ ಎನ್ನುವ ದನಿಯಲ್ಲಿ.

ಇವರು ಬಂದು ಅವಳ ಹಿಂದೆ ನಿಂತರು. ಅಷ್ಟು ಕಾಲದಿಂದ ಅಷ್ಟು ಸಲ ಬಂದು ಹೋಗಿ, ಅದು ನಿಂತದ್ದನ್ನು ಅವರು ಕಣ್ಣಾರೆ ನೋಡಿದ್ದು ಆಗಲೇ. ಏನನ್ನೂ ಮುಟ್ಟಲಿಲ್ಲ. ಆಮೇಲೆ ಕೇಳಿದರು, ‘ಗಡಿಯಾರ ತಿರುಗಿಸಿದ್ರಾ?’

‘ಹೂಂ ಅಣ್ಣ. ಆಮೇಲೆ ಸರಿ ಮಾಡಿಡ್ತೀನಿ. ಅದಕ್ಕೂ ಇದಕ್ಕೂ ಏನು ಅಂತ ನಾನು…’

‘ಇರ್ಲಿ. ಮೇಲೇಳಿ.’

ಕಂಪ್ಯೂಟರ್ ಆರಿಸಿ ಹೊತ್ತಿಸಿದರು. ಪ್ರೋಗ್ರಾಮಿನ ಹೊಟ್ಟೆ ಬಿಚ್ಚಿ ಒಂದು ಸಾಲು ಬದಲಾಯಿಸಿದರು. ಮರೆಯಲ್ಲಿದ್ದ ವರ್ಡನ್ನು ಎದುರಿಗೆ ತಂದರು. ಮತ್ತೆ ಅವಳನ್ನೇ ಕೂರಿಸಿ ಮೊದಲಿನಿಂದ ಎಲ್ಲ ಮಾಡಿಸಿದರು. ಈ ಸಲ ಗುಂಡಿ ಒತ್ತಿದಾಗ ಪತ್ರ ಕಣ್ಣೆದುರಿಗೇ ಸಾಲು ಸಾಲಾಗಿ ಬರೆದುಕೊಂಡಿತು. ಕೊನೆಯಲ್ಲಿ ನಡುವೆ ಒಂದು ಸಣ್ಣ ಚೌಕ ಬಂದು ನಿಂತಿತು. ಇಂಗ್ಲಿಷಿನಲ್ಲಿ ಏನೋ ಬರೆದಿತ್ತು.

ಇವರು ಓದಿ ಕನ್ನಡದಲ್ಲಿ ಹೇಳಿದರು. ‘ಈ ಹೆಸರಿನ ಕಾಗದ ಆಗ್ಲೇ ಐತೆ, ಅದಕ್ಕೆ ಬೀಗ ಹಾಕೈತೆ, ಏನ್ ಮಾಡ್ಲಿ ಅಂತ ಕೇಳ್ತೈತೆ.’

ಆ ಶುಕ್ರವಾರ ಆ ಮನೆಯಲ್ಲಿ ಬೇರೆಯವರ ಪತ್ರಗಳಾಗಿದ್ದವು. ಆ ದಿನದ ಒಂದನೇ ನಂಬರು ಆಗಲೇ ಹೋಗಿತ್ತು. ಗಡಿಯಾರ ತಿರುಗಿಸಿದಾಗ ಪ್ರೋಗ್ರಾಂ ಅದೇ ದಿನದ ಒಂದನೇ ನಂಬರು ಎಂದು ಮತ್ತೆ ಹೆಸರಿಟ್ಟಿತು. ವರ್ಡ್ ಹಳೆಯದನ್ನು ಅಳಿಸಲು ಹೋದರೆ ಬೀಗ. ಆಗ ಅದು ಕೇಳಿತು. ಮರೆಯಲ್ಲಿ ಕೂತು ಕೇಳಿದ್ದು ಯಾರಿಗೆ ಕಾಣಬೇಕು. ಉತ್ತರ ಬರುವವರೆಗೆ ಅದು ಕದಲುವುದಿಲ್ಲ.

‘ಇಷ್ಟು ದಿನವೂ ಇದನ್ನೇ ಕೇಳ್ಕೊಂಡು ಕೂತಿತ್ತಾ?’ ಎಂದಳು ಮೃದುಲಾ.

‘ಹೂಂ. ಬೀಗ ಹಾಕ್ದೋನೂ ನಾನೇ, ಮರೆಗಿಟ್ಟೋನೂ ನಾನೇ.’

ಇವರು ಸ್ವಾಮಿಗಳ ಕಡೆ ತಿರುಗಿದರು. ‘ಸ್ವಾಮಿ, ದಿನ ಹಾಕಿಡೋದು ಬೇಡ ಅಂದಾಗ ನೀವು ಆಗಲಿ ಅಂದ್ರಿ.’

‘ಅಂದೆ. ನೀನು ಕೇಳಲಿಲ್ಲವಲ್ಲಯ್ಯ, ಹೇಳಿದೆ. ಕೇಳಿದೋನಿಗೆ ಉತ್ತರ ಕೊಡಬಹುದು. ಹೇಳಿದೋನಿಗೆ ಆಗಲಿ ಅನ್ನದೆ ಇನ್ನೇನನ್ನಲಿ?’

‘ಬೇಕಾದ ದಿನ ಹಾಕ್ಕೊಂಡ್ರೆ ನಾಳೆ ಪತ್ರವೇ ಸುಳ್ಳು ಅಂತಾರಲ್ಲ ಸ್ವಾಮಿ.’

‘ಛಾಪಾ ಕಾಗದದ ಬೆನ್ನ ಮೇಲೆ ಮಾರಿದೋನ ಮೊಹರು ಇರುತ್ತೆ, ತಾರೀಖು ಇರುತ್ತೆ. ಅದಕ್ಕಿಂತ ಹಿಂದಿನ ದಿನ ನಾನು ಯಾವತ್ತಾದರೂ ಹಾಕಿದ್ದು ನೋಡಿದೀಯಾ? ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲ. ಆ ದಿನ ಕೆಲಸ ಶುರುವಾಯಿತು ಅಂತ ಬರೀತೀನಿ. ಶುರುವಾದದ್ದು ಸುಳ್ಳೇ?’

ಇವರು ದೊಡ್ಡವೆಂಕಟಪ್ಪನ ಕೈಯಿಂದ ಛಾಪಾ ಕಾಗದ ಇಸಿದುಕೊಂಡು ತಿರುಗಿಸಿ ಮೊಹರು ನೋಡಿದರು.

‘ಸ್ವಾಮಿ, ಈಗ ಕೇಳ್ತಿದೀನಿ’ ಎಂದರು. ‘ದಿನ ಹಾಕೋಕೆ ಒಂದು ಜಾಗ ಮಾಡ್ಲಾ?’

‘ಮಾಡು.’

‘ಈ ವರ್ಡನ್ನ ಮತ್ತೆ ಮರೆಗೆ ಹಾಕ್ಲಾ?’

ಸ್ವಾಮಿಗಳು ಎದ್ದು ಪರದೆಯ ಹತ್ತಿರ ಬಂದು ಬಗ್ಗಿದರು. ‘ಬೇಡ. ಇಲ್ಲೇ ಇರಲಿ. ಬರೆಯೋದನ್ನ ಕಣ್ಣಲ್ಲಿ ನೋಡದೆ ನಾನು ಯಾವ ಪತ್ರಕ್ಕೂ ರುಜು ಹಾಕಿದೋನಲ್ಲ. ನಿನ್ನ ಡಬ್ಬ ಬಂದ ಮೇಲೆ ಹಾಕ್ತಾ ಇದೀನಿ, ಹಾಕಿದಾಗೆಲ್ಲ ಕೈ ಹಿಂದಕ್ಕೆ ಬರುತ್ತೆ.’

ಊಟದ ಹೊತ್ತು ಮೀರುವವರೆಗೆ ಇವರು ಕೂತು ಮಾಡಿದರು. ಹೆಸರುಗಳ ಮೇಲೆ ಹೊಸದಾಗಿ ಒಂದು ಖಾಲಿ ಜಾಗ ಬಂತು. ಪತ್ರದ ಹೆಸರಿಗೆ ಬೇರೆ ನಂಬರು, ಯಾವ ದಿನ ಹಾಕಿದರೂ ಮುಂದಕ್ಕೇ ಹೋಗುವ ನಂಬರು. ತುಳಸಮ್ಮ ಎಲ್ಲರಿಗೂ ಹುಳಿಯನ್ನ ಹಾಕಿದರು. ದೊಡ್ಡವೆಂಕಟಪ್ಪ ಉಂಡು ಟವೆಲಿನಲ್ಲಿ ಬಾಯಿ ಒರೆಸಿಕೊಂಡು ಇವರನ್ನೇ ನೋಡುತ್ತಿದ್ದ.

ಮೃದುಲಾ ಆ ಜಾಗದಲ್ಲಿ ಶುಕ್ರವಾರ ಹಾಕಿದಳು. ಗಡಿಯಾರ ಮತ್ತೆ ಮಂಗಳವಾರಕ್ಕೆ ಬಂದಿತ್ತು. ಗುಂಡಿ ಒತ್ತಿದಳು. ಪತ್ರ ಎಲ್ಲರ ಎದುರಿಗೆ ಬರೆದುಕೊಂಡಿತು. ಸ್ವಾಮಿಗಳು ಕನ್ನಡಕ ಮೂಗಿಗಿಳಿಸಿ ಪರದೆಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಉತ್ತರದ ಚೆಕ್ಕುಬಂದಿಗೆ ಬಂದು ನಿಂತರು.

‘ಓಣಿ ಅಂತ ಹಾಕಿದೀಯಲ್ಲಮ್ಮ. ಏನಪ್ಪಾ ವೆಂಕಟಪ್ಪ, ಗಾಡಿ ಹೋಗುತ್ತೋ ಇಲ್ಲವೋ?’

‘ಎರಡು ಗಾಡಿ ಹೋಗ್ತಾವೆ ಸಾಮಿ.’

‘ಬಂಡಿ ದಾರಿ ಅಂತ ಮಾಡು.’

ಅವಳು ಅಲ್ಲೇ ತಿದ್ದಿದಳು. ಮೊದಲಾಗಿದ್ದರೆ ಪ್ರಿಂಟಾಗಿ ಬಂದ ಮೇಲೆ ತಪ್ಪು ಕಂಡು ಎಲ್ಲ ಮೊದಲಿನಿಂದ ಮಾಡಬೇಕಾಗಿತ್ತು. ಸ್ವಾಮಿಗಳು ‘ಹೂಂ’ ಎಂದರು. ಪತ್ರ ಹೊರಗೆ ಬಂತು. ಕೊಡುವವನು ಹೆಬ್ಬೆಟ್ಟು ಒತ್ತಿದ. ಸ್ವಾಮಿಗಳು ಕೊನೆಯಲ್ಲಿ ಬಿಕ್ಕಲಂ ಎಂದು ಬರೆದು ತಮ್ಮ ರುಜು ಹಾಕಿದರು. ಪತ್ರ ಬರೆದವರು ಹಾಕುವ ರುಜು ಅದು. ಈ ಸಲ ಕೈ ಹಿಂದಕ್ಕೆ ಬರಲಿಲ್ಲ. ಆಮೇಲೆ ಬರೆಯುವ ಮಣೆಯನ್ನು ಕಾಲಿನಿಂದ ಗೋಡೆಯ ಕಡೆ ಸರಿಸಿ, ‘ಕದಿರೇಶ, ಮಾಲೂರಿನೋರಿಗೂ ಒಂದು ಜಾಗ ಮಾಡಿಕೊಡು’ ಎಂದರು.

ದೊಡ್ಡವೆಂಕಟಪ್ಪ ಪತ್ರ ಮಡಿಸಿ ಅಂಗಿಯೊಳಗಿಟ್ಟು ಹೊರಡುವಾಗ ಇವರ ಹತ್ತಿರ ನಿಂತ. ‘ಇಂಕ ನುವ್ವು ಎಂತಸೇಪೈನಾ ಕೂಚ್ಚೋ ಸಾಮಿ’ ಎಂದ. ಇನ್ನು ನೀನು ಎಷ್ಟು ಹೊತ್ತು ಬೇಕಾದರೂ ಕೂರು ಎಂದು. ತುಳಸಮ್ಮ ಒಳಗಿನಿಂದ ನಕ್ಕರು.

ಆ ಪ್ರೋಗ್ರಾಂ ನಾಲ್ಕು ಊರಿನಲ್ಲಿ ಆಮೇಲೂ ನಡೆಯಿತು. ಬೇರೆ ಬೇರೆ ಕಾರಣಕ್ಕೆ ನಿಲ್ಲುತ್ತಲೂ ಇತ್ತು. ಇವರು ಹೋಗುತ್ತಲೂ ಇದ್ದರು. ಕಚೇರಿಯಲ್ಲಿ ಸರ್ಕಾರದ ಕಂಪ್ಯೂಟರ್ ಬಂತು, ಛಾಪಾ ಕಾಗದ ಹೋಯಿತು, ಪತ್ರದ ಮಾದರಿ ಬದಲಾಯಿತು. ಇವರು ಬದಲಾಯಿಸಿಕೊಟ್ಟರು. ಹೋದ ಮಾಘದಲ್ಲಿ ಇಲ್ಲೇ ಮಾಲೂರಿನಲ್ಲಿ ಒಬ್ಬರ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತವರು ಹಾಗೇ ಪಕ್ಕಕ್ಕೆ ಒರಗಿದರು. ಡಾಕ್ಟರ್ ಬರುವುದರೊಳಗೆ ಆಗಿಹೋಗಿತ್ತು. ನನಗೆ ಸಿಕ್ಕಿದ್ದು ಕೈಚೀಲ. ಊಟದ ಡಬ್ಬಿ ತೆರೆದಿರಲಿಲ್ಲ.

ಅವರ ಕೆಲಸ ಏನು ಎಂದು ಕೇಳಿದರೆ ಇದು. ನಿಂತದ್ದು ಯಾಕೆ ನಿಂತಿತು ಎಂದು ಹುಡುಕುವುದು. ಮುಳಬಾಗಿಲಿನ ದಿನದವರೆಗೆ ಯಂತ್ರವನ್ನು ಕೇಳುತ್ತಿದ್ದರು. ಆಮೇಲೆ ಮನುಷ್ಯರನ್ನೂ ಕೇಳಿದರು. ‘ನಾನಿಲ್ದಾಗ ಏನ್ ಮಾಡ್ತೀರ, ಹೇಳಿ, ಬೈಯಲ್ಲ’ ಎಂದು ಶುರು ಮಾಡುತ್ತಿದ್ದರಂತೆ. ಸಾವಿಗೆ ಬಂದ ಬರಹಗಾರರು ಹೇಳಿದರು.

ಆ ದಿನ ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ಗೆದ್ದು ಬಂದವರ ಹಾಗೆ ಇರಲಿಲ್ಲ ಅವರು. ಊರು ದಾಟಿದ ಮೇಲೆ ಹೇಳಿದರು, ‘ನನಗೆ ಹೆದರ್ತಿದ್ರಲ್ಲೇ.’

‘ಹೆದರಿಕೆ ಅಲ್ಲ. ಯಾಕ್ ಬೇಕು ಅಂತ ಹೇಳ್ದೆ ಬಿಡೋದು.’

‘ನೀನೂ ಬಿಟ್ಟಿದೀಯಾ?’

‘ಹೂಂ.’

‘ಏನು?’

ಹೇಳುವುದೋ ಬೇಡವೋ ಎನಿಸಿತು. ಹೇಳಿದೆ. ‘ನೀವು ಮುಳಬಾಗಿಲಿಗೆ ಹೊರಟಾಗೆಲ್ಲ ಅಲ್ಲಿನ ಆಂಜನೇಯಸ್ವಾಮಿಗೆ ಮುಡಿಪು ಕಟ್ಟಿಟ್ಟಿದೀನಿ. ಇವತ್ತೂ ಸೆರಗಲ್ಲಿ ತಂದಿದ್ದೆ.’

ಅವರು ನನ್ನ ಸೆರಗಿನ ಗಂಟು ನೋಡಿದರು. ನಾನು ನಗುವಿಗೆ ಕಾದೆ. ಕಂಡಕ್ಟರ್ ಬಂದು ಚೀಟಿ ಕೊಟ್ಟು ಹೋದ.

‘ದೇವಸ್ಥಾನ ಅಲ್ಲೇ ಇತ್ತಲ್ಲೇ’ ಎಂದರು. ‘ಬಸ್ ಹತ್ತೋ ಮುಂಚೆ ಹೇಳಿದ್ರೆ ಒಪ್ಪಿಸಿ ಬರ್ತಿದ್ವಿ.’

ಮುಂದಿನ ಸಲ ಹೋದಾಗ ಇಬ್ಬರೂ ಹೋಗಿ ಒಪ್ಪಿಸಿದೆವು. ಅವರು ಎಂದಿನಂತೆ ಬಾಗಿಲಲ್ಲಿ ಚಪ್ಪಲಿ ಕಾಯುತ್ತ ನಿಲ್ಲಲಿಲ್ಲ. ಒಳಗೆ ಬಂದರು. ನಂಬಿ ಬಂದದ್ದಲ್ಲ. ನನ್ನ ಜೊತೆ ಬಂದದ್ದು.